ಬಾಯಿಗೆ ಗೊತ್ತು, ಕೈಗೆ ಗೊತ್ತಿಲ್ಲ

ಮೇಜಿನ ಮೇಲೆ ನಾಲ್ಕು ಕಾರ್ಡುಗಳು: ಒಂದು ಕೆಂಪು ತ್ರಿಕೋನ, ಎರಡು ಹಸಿರು ನಕ್ಷತ್ರ, ಮೂರು ಹಳದಿ ಕ್ರಾಸ್, ನಾಲ್ಕು ನೀಲಿ ವೃತ್ತ. ಎದುರಿಗೆ ಕುಳಿತವರ ಕೈಯಲ್ಲಿ ಒಂದು ಕಟ್ಟು. ಕಟ್ಟಿನ ಪ್ರತಿ ಕಾರ್ಡನ್ನೂ ಈ ನಾಲ್ಕರಲ್ಲಿ ಒಂದಕ್ಕೆ ಹೊಂದಿಸಬೇಕು. ಬಣ್ಣ ನೋಡಬೇಕೇ, ಆಕಾರವೇ, ಎಣಿಕೆಯೇ ಎಂದು ನಾನು ಹೇಳುವುದಿಲ್ಲ. ‘ಸರಿ’ ಅಥವಾ ‘ತಪ್ಪು’ ಎಂದಷ್ಟೇ ಹೇಳುತ್ತೇನೆ. ಸತತವಾಗಿ ಹತ್ತು ಸರಿಯಾದ ಕೂಡಲೇ, ಹೇಳದೆ ಕೇಳದೆ ನಿಯಮ ಬದಲಿಸುತ್ತೇನೆ.

ಅಂದು ನನ್ನೆದುರಿಗೆ ಇದ್ದವರಿಗೆ ಹಣೆಯ ಹಿಂದಿನ ಮಿದುಳಿನಲ್ಲಿ ಗೆಡ್ಡೆಯೊಂದು ಬೆಳೆದು, ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದಿದ್ದರು. ಮಾತು ಸ್ಪಷ್ಟ, ನೆನಪು ಚೆನ್ನಾಗಿತ್ತು. ಬಣ್ಣದ ನಿಯಮವನ್ನು ನಾನು ಬದಲಿಸಿದ ಮೇಲೆ ಅವರು ‘ಬಣ್ಣ ಈಗ ತಪ್ಪು’ ಎಂದು ತಾವೇ ಹೇಳಿದರು. ಹೇಳುತ್ತಲೇ ಕಾರ್ಡನ್ನು ಬಣ್ಣದ ಮೇಲೆ ಇಟ್ಟರು. ಮತ್ತೆ ‘ತಪ್ಪು’ ಎಂದೆ. ‘ಹೌದು, ಬಣ್ಣವಲ್ಲ’ ಎಂದರು. ಮತ್ತೆ ಬಣ್ಣದ ಮೇಲೆಯೇ ಇಟ್ಟರು. ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ 1963ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೀಗೆ ಹಳೆಯ ನಿಯಮಕ್ಕೆ ಅಂಟಿಕೊಳ್ಳುವ ರೋಗಿಗಳ ಬಗ್ಗೆ ನಾನು ಓದಿದ್ದೆ. ಓದುವುದು ಬೇರೆ, ಕಣ್ಣೆದುರು ಆ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುವುದನ್ನು ನೋಡುವುದು ಬೇರೆ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಇರುವ ಆ ಸೇತುವೆ ಯಾವುದು? ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಾನು ಕೇಳುತ್ತಿರುವುದು ಈ ಒಂದೇ ಪ್ರಶ್ನೆ.

ನಾನು ಪಿಎಚ್‌ಡಿಗೆ ಸೇರಿದಾಗ ಹಣೆಯ ಹಿಂದಿನ ಮಿದುಳಿನ ಹೊರಪದರವಾದ ಫ್ರಾಂಟಲ್ ಕಾರ್ಟೆಕ್ಸ್ ಎಂದರೆ ಎಲ್ಲರೂ ವರ್ಕಿಂಗ್ ಮೆಮೊರಿಯ, ಅಂದರೆ ಕೆಲಸದ ಹೊತ್ತಿಗೆ ಬೇಕಾದುದನ್ನು ಮನಸ್ಸಿನಲ್ಲಿ ಹಿಡಿದಿಡುವ ನೆನಪಿನ, ಮಾತನ್ನೇ ಆಡುತ್ತಿದ್ದರು. ಅದಕ್ಕೆ ಗಟ್ಟಿ ಕಾರಣವಿತ್ತು. 1971ರಲ್ಲಿ ಫುಸ್ಟರ್ ಮತ್ತು ಅಲೆಕ್ಸಾಂಡರ್ ಒಂದು ಕಡೆ, ಜಪಾನಿನಲ್ಲಿ ಕುಬೋಟಾ ಮತ್ತು ನಿಕಿ ಇನ್ನೊಂದು ಕಡೆ, ಮಂಗಗಳ ಮಿದುಳಿನ ಮುಂಭಾಗದಲ್ಲಿ ವಿಶೇಷವಾದ ನರಕೋಶಗಳನ್ನು ಕಂಡಿದ್ದರು. ಸುಳಿವು ಕಣ್ಮರೆಯಾದ ಮೇಲೂ, ಪ್ರಾಣಿ ಸುಮ್ಮನೆ ಕಾಯುತ್ತಿರುವ ಸೆಕೆಂಡುಗಳಲ್ಲಿ, ಈ ಕೋಶಗಳು ಮಿಡಿಯುತ್ತಲೇ ಇರುತ್ತವೆ. 1989ರಲ್ಲಿ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಕ್ ಅವರ ತಂಡ ಇನ್ನೂ ಮುಂದೆ ಹೋಯಿತು: ಪರದೆಯ ಮೇಲೆ ಯಾವ ದಿಕ್ಕಿನಲ್ಲಿ ಚುಕ್ಕೆ ಕಂಡಿತ್ತೋ ಆ ದಿಕ್ಕನ್ನು ಕೆಲವು ಕೋಶಗಳು ಹಿಡಿದಿಟ್ಟುಕೊಳ್ಳುತ್ತವೆ. ಆ ಮಿಡಿತ ನಡುವೆ ಸೊರಗಿದರೆ ಮಂಗದ ಕಣ್ಣು ತಪ್ಪು ಕಡೆಗೆ ಹೊರಳುತ್ತದೆ. ಎದುರಿಗೆ ಇಲ್ಲದ ವಸ್ತುವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಎಂಬ ಅಮೂರ್ತ ಮಾತಿಗೆ ಒಂದು ಕೋಶದ ಸದ್ದು ಸಿಕ್ಕಿದ ಕ್ಷಣ ಅದು. ಇಂದಿಗೂ ಆ ದಾಖಲೆಗಳ ಚಿತ್ರ ನೋಡಿದರೆ ನನಗೆ ರೋಮಾಂಚನವಾಗುತ್ತದೆ.

ಆದರೆ ಕಾರ್ಡುಗಳ ಮುಂದೆ ಕುಳಿತ ಆ ವ್ಯಕ್ತಿ ನಿಯಮವನ್ನು ಮರೆತಿರಲಿಲ್ಲ. ಬಾಯಿಬಿಟ್ಟು ಹೇಳುತ್ತಿದ್ದರು. ನೆನಪಿನ ವಿವರಣೆ ಅವರಿಗೆ ಸಾಲುತ್ತಿರಲಿಲ್ಲ.

ಹಾಗಾಗಿ ನಾನು ನಿಯಮ ಬದಲಾಗುವ ಕ್ಷಣವನ್ನೇ ಸ್ಕ್ಯಾನರಿನಲ್ಲಿ ಹಿಡಿಯಲು ಹೊರಟೆ. ಎಫ್‌ಎಂಆರ್‌ಐ ಎಂಬ ಮಿದುಳಿನ ಸ್ಕ್ಯಾನ್ ನರಕೋಶವನ್ನು ನೇರವಾಗಿ ನೋಡುವುದಿಲ್ಲ, ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನು ನೋಡುತ್ತದೆ. ಕೋಶಗಳು ಮಿಡಿದ ಐದಾರು ಸೆಕೆಂಡುಗಳ ನಂತರ ಆ ಸಂಕೇತ ಶಿಖರ ಮುಟ್ಟುತ್ತದೆ, ಅದೂ ಇಂಥ ಕೆಲಸಗಳಲ್ಲಿ ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸಿನ ಬದಲಾವಣೆ. ಮೂರು ಮಿಲಿಮೀಟರಿನ ಒಂದು ಘನದಲ್ಲಿ ಲಕ್ಷಗಟ್ಟಲೆ ಕೋಶಗಳಿರುತ್ತವೆ. ಇಷ್ಟು ಮಂದ ಕಣ್ಣಿನಿಂದ ಇಷ್ಟು ಚುರುಕಾದ ಘಟನೆಯನ್ನು ನೋಡಬೇಕಾದರೆ ಜಾಣತನವೆಲ್ಲ ಯಂತ್ರದಲ್ಲಿ ಅಲ್ಲ, ನಾವು ಕೊಡುವ ಕೆಲಸದ ವಿನ್ಯಾಸದಲ್ಲಿ ಇರಬೇಕು. ಇದನ್ನು ನಾನು ಕಲಿತದ್ದು ಸೋತು.

ಮೊದಲ ಪ್ರಯೋಗದಲ್ಲಿ ಹದಿನಾಲ್ಕು ಜನ. ನಿಯಮ ಬದಲಾದ ಸರದಿಗಳ ಸಂಕೇತದಿಂದ ನಿಯಮ ಬದಲಾಗದ ಸರದಿಗಳ ಸಂಕೇತವನ್ನು ಕಳೆದಾಗ ಎಡ ಮುಂಭಾಗದಲ್ಲಿ ದೊಡ್ಡ ಪ್ರದೇಶವೊಂದು ಹೊಳೆಯಿತು. ಸೇತುವೆ ಸಿಕ್ಕಿತು ಎಂದುಕೊಂಡೆ. ಹಿರಿಯ ಸಹೋದ್ಯೋಗಿಯೊಬ್ಬರು ಚಿತ್ರವನ್ನು ನೋಡಿ ಒಂದೇ ಮಾತು ಕೇಳಿದರು: ‘ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಂಡರು?’ ನಿಯಮ ಬದಲಾದಾಗ ಎಲ್ಲರೂ ನಿಧಾನವಾಗಿದ್ದರು. ಒಂದು ಕೆಲಸದಲ್ಲಿ ಹೆಚ್ಚು ಹೊತ್ತು ತೊಡಗಿದರೆ, ಆ ಕೆಲಸ ಯಾವುದೇ ಆಗಿರಲಿ, ರಕ್ತದ ಸಂಕೇತವೂ ದೊಡ್ಡದಾಗುತ್ತದೆ. ಪ್ರತಿ ಉತ್ತರದ ಸಮಯವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಆ ಪ್ರದೇಶದ ಬಹುಪಾಲು ಅಳಿಸಿಹೋಯಿತು. ನಾನು ಅಳೆದದ್ದು ನಿಯಮವನ್ನಲ್ಲ, ಕಷ್ಟವನ್ನು.

ಎರಡನೆಯ ಸಲ ಸುಳಿವನ್ನೂ ಕಾರ್ಡನ್ನೂ ಬೇರೆ ಮಾಡಿದೆ. ಮೊದಲು ಯಾವ ನಿಯಮ ಎಂಬ ಸುಳಿವು, ನಂತರ ಕೆಲವು ಸೆಕೆಂಡುಗಳ ಅಂತರ, ಪ್ರತಿ ಸಲವೂ ಬೇರೆ ಬೇರೆ ಉದ್ದ, ಆಮೇಲೆ ಕಾರ್ಡು. ಕೆಲವೊಮ್ಮೆ ಕಾರ್ಡು ಬರುವುದೇ ಇಲ್ಲ. ಹೀಗೆ ಮಾಡಿದರೆ ಸಿದ್ಧತೆಯ ಸಂಕೇತ ಉತ್ತರದ ಸಂಕೇತದೊಳಗೆ ಕರಗುವುದಿಲ್ಲ. ಇದಕ್ಕೆ ಎರಡು ವರ್ಷ ಹಿಡಿಯಿತು. ಸಿಕ್ಕಿದ ಚಿತ್ರ ಮೊದಲಿನದಕ್ಕಿಂತ ಚಿಕ್ಕದು, ಮಂಕು. ಆದರೆ ಅದನ್ನು ನಾನು ನಂಬುತ್ತೇನೆ.

ಸಂಖ್ಯಾಶಾಸ್ತ್ರದ ವಿಷಯದಲ್ಲಿ ನನ್ನ ವಿದ್ಯಾರ್ಥಿಗಳ ಜೊತೆ ನಾನು ಕಟ್ಟುನಿಟ್ಟು. ಮಿದುಳನ್ನು ಐವತ್ತು ಸಾವಿರ ಘನಗಳಾಗಿ ಹಂಚಿ, ನೂರಕ್ಕೆ ಐದು ಸಲ ಸುಳ್ಳು ಸಂಕೇತ ಬರಬಹುದಾದ ಮಿತಿಯಲ್ಲಿ ಒಂದೊಂದನ್ನೂ ಪರೀಕ್ಷಿಸಿದರೆ ಏನೂ ಇಲ್ಲದಿದ್ದರೂ ಸುಮಾರು ಎರಡೂವರೆ ಸಾವಿರ ಘನಗಳು ಹೊಳೆಯುತ್ತವೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಇಷ್ಟೊಂದು ಪರೀಕ್ಷೆಗಳಿಗೆ ತಕ್ಕಂತೆ ಮಿತಿಯನ್ನು ಬಿಗಿಗೊಳಿಸುವ ತಿದ್ದುಪಡಿ ಮಾಡದಿದ್ದಾಗ ಅದರ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. ಹೊಸಬರಿಗೆ ನಾನು ಮೊದಲು ಕಲಿಸುವುದು ಇದನ್ನೇ. ಫಿನಿಯಸ್ ಗೇಜ್ ಆಮೇಲೆ. 1848ರಲ್ಲಿ ಕಬ್ಬಿಣದ ಸರಳು ತಲೆಯನ್ನು ತೂರಿಹೋದ ಆ ಕಾರ್ಮಿಕನನ್ನು ನಮ್ಮ ಪಾಠಗಳು ‘ಸ್ವಭಾವವೇ ಬದಲಾದ ಮನುಷ್ಯ’ ಎಂಬಲ್ಲಿಗೆ ನಿಲ್ಲಿಸಿಬಿಡುತ್ತವೆ. ಆತ ಅನಂತರ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸಿದ. ವೇಳೆ, ದಾರಿ, ಪ್ರಯಾಣಿಕರು, ಕುದುರೆಗಳು, ಎಲ್ಲವನ್ನೂ ಸಂಭಾಳಿಸುವ ಕೆಲಸ ಅದು. ಗಾಯಗೊಂಡ ಮಿದುಳು ಚೇತರಿಸಿಕೊಂಡಿರಬಹುದಾದ ಆ ಅರ್ಧವನ್ನು ಬಿಟ್ಟು ಕಥೆ ಹೇಳುವುದು ಅವನಿಗೂ, ಇಂದಿನ ರೋಗಿಗಳಿಗೂ ಅನ್ಯಾಯ.

ಸ್ಕ್ಯಾನರಿಗೆ ಇನ್ನೊಂದು ಮಿತಿಯಿದೆ. ಕೆಲಸ ನಡೆಯುವಾಗ ಒಂದು ಜಾಗ ಹೊಳೆಯಿತು ಎಂದರೆ ಆ ಜಾಗವಿಲ್ಲದೆ ಕೆಲಸ ನಡೆಯದು ಎಂದರ್ಥವಲ್ಲ. ಅದಕ್ಕಾಗಿ ಕಾಂತೀಯ ಪ್ರಚೋದನೆಯನ್ನು ಕಲಿತೆ. 1985ರಲ್ಲಿ ಆಂಥೊನಿ ಬಾರ್ಕರ್ ತೋರಿಸಿಕೊಟ್ಟ ವಿಧಾನವದು; ತಲೆಯ ಹೊರಗಿಟ್ಟ ಸುರುಳಿಯಿಂದ ಮಿದುಳಿನ ಒಂದು ಭಾಗವನ್ನು ಕ್ಷಣಕಾಲ ಕದಡಬಹುದು. ಮುಂಭಾಗದಲ್ಲಿ ಇದು ಸುಲಭವಲ್ಲ. ಹಣೆಯ, ರೆಪ್ಪೆಯ ಸ್ನಾಯುಗಳು ಸೆಳೆಯುತ್ತವೆ. ಆ ಕಿರಿಕಿರಿಗೇ ಜನ ನಿಧಾನವಾಗುತ್ತಾರೆ. ಅಷ್ಟೇ ಸೆಳೆತ ಕೊಡುವ ಇನ್ನೊಂದು ಜಾಗವನ್ನು ಹೋಲಿಕೆಗೆ ಆರಿಸದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ನಾವು ಮೊದಲು ಪ್ರತಿ ಹೊಸ ಪ್ರಯೋಗವನ್ನೂ ನಮ್ಮ ಮೇಲೆಯೇ ಮಾಡಿಕೊಳ್ಳುತ್ತೇವೆ. ನನ್ನ ರೆಪ್ಪೆ ಅದುರದೆ ನಾನು ಇನ್ನೊಬ್ಬರನ್ನು ಆ ಕುರ್ಚಿಯಲ್ಲಿ ಕೂರಿಸಿಲ್ಲ.

ಇಷ್ಟೆಲ್ಲ ಮಾಡಿಯೂ ನಾನು ಮತ್ತೆ ಮತ್ತೆ ರೋಗಿಗಳ ಬಳಿಗೇ ಹೋಗುತ್ತೇನೆ. 1991ರಲ್ಲಿ ನರಮನೋವಿಜ್ಞಾನಿಗಳಾದ ಶ್ಯಾಲಿಸ್ ಮತ್ತು ಬರ್ಜೆಸ್ ಮಾಡಿದ್ದು ನನಗೆ ದಾರಿದೀಪ. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡುತ್ತಿದ್ದ, ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದ ಮೂವರನ್ನು ಅವರು ಪ್ರಯೋಗಾಲಯದಿಂದ ಅಂಗಡಿ ಬೀದಿಗೆ ಕರೆದೊಯ್ದು, ಒಂದಿಷ್ಟು ಸಣ್ಣ ಕೆಲಸಗಳನ್ನೂ ಕೆಲವು ನಿಯಮಗಳನ್ನೂ ಕೊಟ್ಟರು. ಮೇಜಿನ ಮುಂದೆ ಗೆಲ್ಲುತ್ತಿದ್ದವರು ಬೀದಿಯಲ್ಲಿ ಎಡವಿದರು. ಮೇಜಿನ ಮುಂದೆ ‘ಈಗ ಇದನ್ನು ಮಾಡಿ’ ಎನ್ನಲು ನಾವಿರುತ್ತೇವೆ. ಪರೀಕ್ಷಕರೇ ರೋಗಿಯ ಫ್ರಾಂಟಲ್ ಕಾರ್ಟೆಕ್ಸ್ ಆಗಿಬಿಟ್ಟಿರುತ್ತೇವೆ! ಇದು ಹೊಳೆದ ಮೇಲೆ ನನ್ನ ಪರೀಕ್ಷೆಗಳಲ್ಲಿ ನಾನು ಆದಷ್ಟು ಮೌನವಾಗಿರಲು ಕಲಿತೆ.

ಈಗ ನಮ್ಮ ಕೋಣೆಯಲ್ಲಿ ನಡೆಯುತ್ತಿರುವುದು ಬಹಳ ಸರಳವಾದ ಕೆಲಸ. ಐದು ಬಗೆಯ ಕೆಲಸಗಳು, ಹದಿನೈದು ನಿಮಿಷ. ಯಾವುದನ್ನೂ ಮುಗಿಸಬೇಕಾಗಿಲ್ಲ, ಎಲ್ಲದರಲ್ಲೂ ಸ್ವಲ್ಪ ಮಾಡಬೇಕು. ರೋಗಿಗಳು ಮೊದಲ ಕೆಲಸದಲ್ಲೇ ಮುಳುಗಿಬಿಡುತ್ತಾರೆ. ನಡುನಡುವೆ, ಕ್ರಮವಿಲ್ಲದೆ, ಗಂಟೆ ಬಾರಿಸಿದಂಥ ಸದ್ದೊಂದನ್ನು ಕೇಳಿಸುತ್ತೇವೆ. ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಇಂಥ ಅರ್ಥವಿಲ್ಲದ ಸದ್ದು ಮಿದುಳಿಗೆ ಪೆಟ್ಟಾದವರಿಗೆ ನೆರವಾಗುತ್ತದೆ ಎಂದು 2002ರಲ್ಲೇ ಪ್ರಕಟವಾಗಿದೆ. ಅದು ಏಕೆ ನೆರವಾಗುತ್ತದೆ ಎಂಬುದು ನನ್ನ ಈಗಿನ ಪ್ರಶ್ನೆ. ಕಳೆದ ತಿಂಗಳು ಒಬ್ಬರು ಸದ್ದು ಕೇಳಿದೊಡನೆ ಕೈಯಲ್ಲಿದ್ದ ನಾಣ್ಯಗಳನ್ನು ಕೆಳಗಿಟ್ಟರು, ಗಡಿಯಾರ ನೋಡಿದರು, ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ಕುರ್ಚಿಯನ್ನು ಸರಿಸಿ ಎರಡನೆಯ ಕೆಲಸದ ಕಾಗದವನ್ನು ಎಳೆದುಕೊಂಡರು.