ಕಡಿಮೆ ಆಮ್ಲಜನಕ, ಐಸೊಫ್ಲುರೇನ್ ಮತ್ತು ಕೊರೊನರಿ ಹರಿವು: ನನ್ನ ಅನುಭವ

ಇಲಿಯ ಹೃದಯವನ್ನು ಹೊರತೆಗೆದು ಲ್ಯಾಂಗೆಂಡಾರ್ಫ್ ಪದ್ಧತಿಯಲ್ಲಿ (ಮಹಾಪಧಮನಿಯ ಮೂಲಕ ದ್ರಾವಣ ಹರಿಸಿ ಬಡಿಯುವಂತೆ ಇಡುವುದು) ತೂಗುಹಾಕಿ, ಹೈಪಾಕ್ಸಿಯಾದ (ಆಮ್ಲಜನಕದ ಕೊರತೆಯ) ನಡುವೆ ಐಸೊಫ್ಲುರೇನ್ ಎಂಬ ಅರಿವಳಿಕೆ ಕೊಟ್ಟು ಕೊರೊನರಿ ಹರಿವು, ಅಂದರೆ ಹೃದಯದ ಸ್ವಂತ ನಾಳಗಳ ಹರಿವು, ಅಳೆಯುವುದು ಬೆಳಗಾವಿಯಲ್ಲಿ ಆಗದ ಮಾತು ಎಂದವರೇ ಹೆಚ್ಚು. ಈಗ ಅಳತೆ ಸ್ಥಿರವಾಗಿ ಬರುತ್ತಿದೆ.

ಕ್ರೆಬ್ಸ್ ದ್ರಾವಣ (ರಕ್ತದ ಬದಲಿಗೆ ಹರಿಸುವ ಲವಣದ್ರಾವಣ), 37 ಡಿಗ್ರಿ, 80 ಮಿಮೀ (ಪಾದರಸದ) ಒತ್ತಡ ನಿಮಗೆ ಗೊತ್ತಿದ್ದದ್ದೇ. ಕ್ಯಾಲ್ಸಿಯಂ ಮಾತ್ರ ಗ್ಯಾಸ್ ಹಾಯಿಸಿ ಪಿಎಚ್ 7.4ಕ್ಕೆ ಬಂದ ಮೇಲೆ ಹಾಕಿರಿ. ಮೊದಲೇ ಹಾಕಿದರೆ ಬಿಳಿ ಗಸಿ ಕೂತು ಸಣ್ಣ ನಾಳಗಳು ಕಟ್ಟಿಕೊಳ್ಳುತ್ತವೆ. ಹರಿವು ಇಳಿದದ್ದನ್ನು ಔಷಧದ ಖಾತೆಗೆ ಬರೆಯುವ ಮಂದಿ ಇದ್ದಾರೆ.

ದುಡ್ಡು ತಿಂದದ್ದು ಸಿಲಿಕೋನ್ ನಳಿಕೆ. 95 ಪಾಲು ನೈಟ್ರೋಜನ್, 5 ಪಾಲು ಇಂಗಾಲದ ಡೈಆಕ್ಸೈಡ್ ಹಾಯಿಸಿದ ಬಾಟಲಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 25 ಮಿಮೀ. ಅದೇ ದ್ರಾವಣ ಕ್ಯಾನುಲಾ (ಹೃದಯಕ್ಕೆ ಕಟ್ಟಿದ ಸಣ್ಣ ಕೊಳವೆ) ತಲುಪುವಷ್ಟರಲ್ಲಿ 90 ದಾಟುತ್ತಿತ್ತು. ಸಿಲಿಕೋನ್ ಗೋಡೆಯಿಂದ ಆಮ್ಲಜನಕ ಒಳಗೆ ನುಸುಳುತ್ತದೆ, ಐಸೊಫ್ಲುರೇನ್ ಹೊರಗೆ ಹೋಗುತ್ತದೆ. ಹೀಗಾಗಿ ಹೈಪಾಕ್ಸಿಯಾವೂ ಅರೆಬರೆ, ಅರಿವಳಿಕೆಯೂ ಅರೆಬರೆ. ಮಿಶ್ರ ಗ್ಯಾಸಿನ ಮೂರ್ನಾಲ್ಕು ಸಿಲಿಂಡರ್ ಹೀಗೇ ಹಾಳಾದವು, ಒಂದೊಂದಕ್ಕೆ ಏಳೆಂಟು ಸಾವಿರ. ಆಮೇಲೆ ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ಸ್ಟೇನ್‌ಲೆಸ್ ಕೊಳವೆ ಬಗ್ಗಿಸಿ ಹಾಕಿಸಿದ್ದಕ್ಕೆ ಎರಡು ಸಾವಿರ ಚಿಲ್ಲರೆ, ಅಷ್ಟೇ. ಕ್ಯಾನುಲಾದಲ್ಲಿ ಈಗ 35ರ ಒಳಗೆ. ಕೀಲುಗಳ ಸೋರಿಕೆ ನಿಲ್ಲಿಸಿದ ಬಗೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೈಪಾಕ್ಸಿಯಾದಲ್ಲಿ ಬಡಿತ ತಾನೇ ಇಳಿಯುತ್ತದೆ, ಆದ್ದರಿಂದ ನಿಮಿಷಕ್ಕೆ 300ರಂತೆ ಪೇಸ್ (ವಿದ್ಯುತ್ ಮಿಡಿತ ಕೊಟ್ಟು ಬಡಿಸುವುದು) ಮಾಡಲೇಬೇಕು. ಪೂರ್ಣ ಆಮ್ಲಜನಕದಲ್ಲಿ ಹರಿವು ನಿಮಿಷಕ್ಕೆ 10 ಮಿಲಿ ಆಸುಪಾಸು; ಐಸೊಫ್ಲುರೇನ್ ಕೊಟ್ಟರೆ 12. ಹೈಪಾಕ್ಸಿಯಾದಲ್ಲಿ 16ರವರೆಗೆ ಏರುತ್ತದೆ. ಅದರ ಮೇಲೆ ಐಸೊಫ್ಲುರೇನ್ ಕೊಟ್ಟರೆ ಹರಿವು ಹೆಚ್ಚುಕಡಿಮೆ ಅಲುಗುವುದಿಲ್ಲ, ಸಂಕೋಚನದ ಬಲ ಮಾತ್ರ ಮತ್ತೂ ಕುಸಿಯುತ್ತದೆ. ಅಡೆನೊಸಿನ್ (ನಾಳ ಹಿಗ್ಗಿಸುವ ವಸ್ತು), ಕೆಎಟಿಪಿ ಚಾನೆಲ್‌ಗಳು (ಶಕ್ತಿ ಇಳಿದಾಗ ತೆರೆಯುವ, ಕೋಶದ ಪೊಟ್ಯಾಸಿಯಂ ದ್ವಾರಗಳು) ನಾಳವನ್ನು ಆಗಲೇ ತೆರೆದಿಟ್ಟಿರುತ್ತವೆ. ಐಸೊಫ್ಲುರೇನ್ ತೆರೆಯುವುದೂ ಬಹುಮಟ್ಟಿಗೆ ಅದೇ ಬಾಗಿಲನ್ನು. ಆ ಚಾನೆಲ್ ಮುಚ್ಚುವ ಗ್ಲಿಬೆನ್‌ಕ್ಲಮೈಡ್ 10 ಮೈಕ್ರೊಮೋಲಾರ್ ಹಾಕಿದಾಗ ಹೈಪಾಕ್ಸಿಯಾದ ಏರಿಕೆ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಅದನ್ನು ಡಿಎಮ್‌ಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಬೇಕು, ಹೋಲಿಕೆಗೆ ಬರೀ ಡಿಎಮ್‌ಎಸ್‌ಒ ಹಾಕಿದ ಹೃದಯವೂ ಜೊತೆಗಿರಲಿ.

ಹ್ಯಾಲೊಥೇನ್ ಎಂಬ ಇನ್ನೊಂದು ಅರಿವಳಿಕೆಯನ್ನೂ ನೋಡಿದೆ: ನಾಳ ಅಷ್ಟು ಹಿಗ್ಗಲಿಲ್ಲ, ಬಲ ಬೇಗ ಬಿತ್ತು.

ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 695 ಮಿಮೀ ಹತ್ತಿರ. ಹೀಗಾಗಿ ವೇಪರೈಸರ್ (ಅರಿವಳಿಕೆಯನ್ನು ಆವಿಯಾಗಿಸುವ ಯಂತ್ರ) ಡಯಲ್‌ಗಿಂತ ಅನಲೈಸರ್ (ಗ್ಯಾಸ್ ಅಳೆಯುವ ಯಂತ್ರ) ಶೇಕಡಾ ತುಸು ಹೆಚ್ಚು ತೋರಿಸಿದರೆ ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಕಳಿಸಬೇಡಿ, ಭಾಗಶಃ ಒತ್ತಡ ಸರಿಯಾಗಿಯೇ ಇರುತ್ತದೆ. ದ್ರಾವಣದಲ್ಲಿ ಹಿಮೋಗ್ಲೋಬಿನ್ ಇಲ್ಲ. ಆದ್ದರಿಂದ ಈ ಅಂಕಿಗಳನ್ನು ನೇರವಾಗಿ ರೋಗಿಗೆ ಅನ್ವಯಿಸಬಾರದು. ಪ್ರತಿ ಹೃದಯಕ್ಕೂ ಕೊನೆಗೆ ಅಡೆನೊಸಿನ್ ಕೊಟ್ಟು ಗರಿಷ್ಠ ಹರಿವು ಬರೆದಿಡಿ, ಇಲ್ಲದಿದ್ದರೆ ನಾಳ ಹಿಗ್ಗುವ ಮೀಸಲು ಎಷ್ಟು ಉಳಿದಿತ್ತೆಂದು ಹೇಳಲಾಗದು.