ಕಾಫಿ ಕಣದಲ್ಲಿ ಕಲಿತ ಪಟಿಂಗ್

ಗಾಲ್ಫ್‌ನಲ್ಲಿ ಗ್ರೀನ್, ಅಂದರೆ ಹೋಲ್ (ಕುಳಿ) ಇರುವ ನುಣುಪು ಹುಲ್ಲಿನ ಜಾಗ, ತಲುಪುವವರೆಗೆ ನನ್ನ ಆಟ ಪರವಾಗಿಲ್ಲ ಅನ್ನುವ ಹಾಗಿರುತ್ತಿತ್ತು. ಕೆಡುತ್ತಿದ್ದದ್ದು ಅಲ್ಲಿಂದ ಮುಂದೆ. ಚಿಕ್ಕಮಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಆಡುತ್ತೇನೆ. ಪ್ರತಿ ಸಲ ಆರೇಳು ಗ್ರೀನ್‌ಗಳಲ್ಲಿ ಮೂರು ಪಟ್ (ಚೆಂಡನ್ನು ಹೋಲ್‌ ಕಡೆಗೆ ಉರುಳಿಸುವ ಹೊಡೆತ) ಆಗುತ್ತಿತ್ತು. 18 ಹೋಲ್‌ಗೆ ಪಾರ್ (ನಿಗದಿತ ಹೊಡೆತಗಳ ಲೆಕ್ಕ) 72 ಅಂದರೆ ಅದರಲ್ಲಿ 36 ಪಟ್‌ಗಳೇ, ಗ್ರೀನ್‌ಗೆ ಎರಡರಂತೆ. ಅರ್ಧ ಆಟ ಇದು. ಆದರೂ ನಾನು ಪ್ರಾಕ್ಟೀಸ್ ಮಾಡುತ್ತಿದ್ದದ್ದು ಡ್ರೈವರ್ (ದೂರಕ್ಕೆ ಹೊಡೆಯುವ ಕೋಲು) ಒಂದನ್ನೇ.

ನಾಲ್ಕು ವಾರ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಮೊದಲ ಪಟ್ ಎಲ್ಲಿ ನಿಂತಿತು ಅಂತ ಬರೆದೆ. ಎಡ ಬಲ ತಪ್ಪಿದ್ದು ಅರ್ಧ ಅಡಿ, ಹೆಚ್ಚೆಂದರೆ ಒಂದಡಿ. ಉದ್ದದಲ್ಲಿ ತಪ್ಪಿದ್ದು ಮಾತ್ರ ಐದಾರು ಅಡಿ! ಅಷ್ಟು ದಿನ ನಾನು ತಲೆಕೆಡಿಸಿಕೊಂಡಿದ್ದದ್ದು ದಿಕ್ಕಿನ ಬಗ್ಗೆ. ನಿಜವಾದ ತಪ್ಪು ದೂರದ ಅಂದಾಜಿನಲ್ಲಿತ್ತು.

ಆಗ ಮಾರ್ಚ್. ಕಾಫಿ ಕೊಯ್ಲು, ಒಣಗಿಸುವುದು ಎಲ್ಲ ಮುಗಿದು ಕಣ ಖಾಲಿ ಇತ್ತು. ಸಂಜೆ ಅಲ್ಲೇ ಶುರು ಮಾಡಿದೆ. ಸೀಮೆಸುಣ್ಣದಲ್ಲಿ 10, 20, 30 ಅಡಿಗೆ ಅಡ್ಡಗೆರೆ ಎಳೆದೆ. ಹೋಲ್ ಇಲ್ಲ, ಗುರಿ ಇಲ್ಲ. ಚೆಂಡು ಗೆರೆಯ ಮೇಲೆ ನಿಲ್ಲಬೇಕು, ಅಷ್ಟೇ. ಸಿಮೆಂಟ್ ಮೇಲೆ ಚೆಂಡು ಗ್ರೀನ್‌ಗಿಂತ ಎಷ್ಟೋ ಜೋರಾಗಿ ಓಡುತ್ತದೆ. ಹಾಗಾಗಿ ಕೈಯಿಂದ ಕುಕ್ಕಿದರೆ ತಕ್ಷಣ ಗೊತ್ತಾಗುತ್ತದೆ. ಮಣಿಕಟ್ಟು ಸುಮ್ಮನಿಟ್ಟು, ಭುಜದಿಂದ ತೊಟ್ಟಿಲು ತೂಗಿದ ಹಾಗೆ ಪಟ್ಟರ್ (ಪಟ್ ಹೊಡೆಯುವ ಕೋಲು) ತೂಗಿದಾಗ ಮಾತ್ರ ಚೆಂಡು ಹೇಳಿದ ಮಾತು ಕೇಳಿತು. ದೂರ ಜಾಸ್ತಿ ಬೇಕಾದರೆ ತೂಗು ಉದ್ದ ಮಾಡಬೇಕು, ಪೆಟ್ಟು ಜೋರು ಮಾಡಬಾರದು. ಇದು ಮೈಗೆ ಹತ್ತಲು ನನಗೆ ಮೂರು ವಾರ ಬೇಕಾಯಿತು.

ಕಣ ಇನ್ನೊಂದನ್ನೂ ಕಲಿಸಿತು. ನೀರು ನಿಲ್ಲಬಾರದು ಅಂತ ನಮ್ಮ ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿದ್ದಾರೆ. ಅಡ್ಡಲಾಗಿ ಪಟ್ ಮಾಡಿದಾಗ ಚೆಂಡು ಮೊದಲು ನೇರ ಹೋಗಿ, ವೇಗ ಇಳಿದ ಮೇಲೆ ಕೊನೆಯಲ್ಲಿ ಜಾಸ್ತಿ ತಿರುಗುವುದು ಕಣ್ಣಿಗೆ ಕಾಣುತ್ತಿತ್ತು. ಅಂದರೆ ವೇಗ ನಿರ್ಧಾರ ಆಗದೆ ಎಷ್ಟು ತಿರುವು ಅಂತ ಹೇಳಲು ಬರುವುದೇ ಇಲ್ಲ, ಅಲ್ವಾ? ಹೋಲ್‌ನ ಅಗಲ 4.25 ಇಂಚು, ಚೆಂಡು 1.68 ಇಂಚು. ನಿಧಾನವಾಗಿ ಬಂದ ಚೆಂಡು ಅಂಚಿಗೆ ತಗುಲಿದರೂ ಒಳಗೆ ಬೀಳಬಹುದು. ಜೋರಾಗಿ ಬಂದದ್ದಕ್ಕೆ ನಡುಭಾಗ ಮಾತ್ರ ಸಿಗುತ್ತದೆ. ಈಗ ತಪ್ಪಿದರೂ ಹೋಲ್ ದಾಟಿ ಒಂದಡಿಯಲ್ಲಿ ನಿಲ್ಲುವ ವೇಗಕ್ಕೆ ಹೊಡೆಯುತ್ತೇನೆ.

ನಿಲ್ಲುವ ರೀತಿಯಲ್ಲಿ ಒಂದೇ ಬದಲಾವಣೆ. ಪಟ್‌ಗೆ ನಿಂತು, ಮೂಗಿನ ಬುಡದಿಂದ ಒಂದು ಚೆಂಡು ಬೀಳಿಸಿ ನೋಡಿದೆ. ಅದು ನೆಲದ ಚೆಂಡಿಗಿಂತ ಎರಡು ಇಂಚು ನನ್ನ ಕಡೆಗೇ ಬಿತ್ತು. ಸ್ವಲ್ಪ ಮುಂದೆ ಬಗ್ಗಿದೆ, ಗೆರೆ ನೇರವಾಗಿ ಕಾಣತೊಡಗಿತು. ತಲೆ ಎತ್ತುವ ಚಟಕ್ಕೆ ಚೆಂಡಿನ ಕೆಳಗೆ ನಾಣ್ಯ ಇಟ್ಟು ಅಭ್ಯಾಸ ಮಾಡಿದೆ. ಚೆಂಡು ಹೋದ ಮೇಲೂ ನಾಣ್ಯವನ್ನೇ ನೋಡಬೇಕು.

ಇಷ್ಟಾದ ಮೇಲೆ ಕ್ಲಬ್ಬಿನ ಪ್ರಾಕ್ಟೀಸ್ ಗ್ರೀನ್‌ಗೆ ಹೋದೆ. ಅಲ್ಲಿ ದೂರದ ಲೆಕ್ಕ ಹೊಸದಾಗಿ ಹಾಕಬೇಕಾಯಿತು. ಬೆಳಿಗ್ಗೆ ಇಬ್ಬನಿ ಇದ್ದಾಗ ಚೆಂಡು ಮುಂದೆ ಹೋಗುವುದೇ ಇಲ್ಲ. ಬಿಸಿಲು ಬಿದ್ದು ಹುಲ್ಲು ಒಣಗಿದರೆ ಅದೇ ಪೆಟ್ಟಿಗೆ ನಾಲ್ಕಡಿ ದಾಟುತ್ತದೆ. ಆಟ ಶುರುವಾಗುವ ಮುಂಚೆ ಹತ್ತು ನಿಮಿಷ ಉದ್ದದ ಪಟ್ ಮಾತ್ರ ಹೊಡೆಯುತ್ತೇನೆ. ಹುಲ್ಲು ಹೊಳೆಯುತ್ತಿದ್ದರೆ ಅದು ನಮ್ಮಿಂದ ಆಚೆಗೆ ಮಲಗಿದೆ, ಚೆಂಡು ಓಡುತ್ತದೆ. ಕಪ್ಪಾಗಿ ಕಂಡರೆ ಎದುರು ಹುಲ್ಲು. ಇದನ್ನು ತೋರಿಸಿಕೊಟ್ಟದ್ದು ಒಬ್ಬ ಹಿರಿಯ ಕ್ಯಾಡಿ (ಆಟಗಾರರ ಕೋಲಿನ ಚೀಲ ಹೊರುವವರು). "ಸಾರ್, ಇಳಿಜಾರನ್ನ ಕಣ್ಣಲ್ಲಿ ನಂಬಬೇಡಿ, ಕಾಲಲ್ಲಿ ನೋಡಿ" ಅಂದರು. ಸುತ್ತ ಗುಡ್ಡವೇ ಇರುವ ಊರಿನಲ್ಲಿ ಕಣ್ಣು ಬೇಗ ಮೋಸ ಹೋಗುತ್ತದೆ. ಈಗ ಚೆಂಡಿಂದ ಹೋಲ್‌ವರೆಗೆ ಪಕ್ಕದಲ್ಲಿ ನಡೆದೇ ಪಟ್ ಮಾಡುತ್ತೇನೆ.

2019ರ ನಿಯಮದಿಂದ ಗ್ರೀನ್ ಮೇಲೆ ಪಟ್ ಮಾಡುವಾಗಲೂ ಬಾವುಟ ಹೋಲ್‌ನಲ್ಲೇ ಇರಬಹುದು. ಉದ್ದದ ಪಟ್‌ಗೆ ನಾನು ತೆಗೆಸುವುದಿಲ್ಲ, ದೂರ ಚೆನ್ನಾಗಿ ಅಂದಾಜಾಗುತ್ತದೆ.

ಹೋದ ತಿಂಗಳ ನಾಲ್ಕು ಭಾನುವಾರಗಳಲ್ಲಿ ನನ್ನ ಪಟ್‌ಗಳು 35, 34, 36, 33. ನಾಲ್ಕಡಿಯ, ಎಡದಿಂದ ಬಲಕ್ಕೆ ಇಳಿಯುವ ಪಟ್ ಇನ್ನೂ ಕೈ ಕೊಡುತ್ತಿದೆ. ಅದಕ್ಕೆ ಕಣದ ಮೂಲೆಯಲ್ಲಿ ಹೊಸ ಗೆರೆ ಎಳೆದಿದ್ದೇನೆ.