ಕರೆನ್ಸಿ ಕುಸಿತದ ಸುದ್ದಿ ಓದುವುದು ಹೇಗೆ?

ಯಾವುದೋ ದೇಶದ ಕರೆನ್ಸಿ ಬಿತ್ತು ಎಂಬ ಸುದ್ದಿ ಬಂದ ದಿನ ಎರಡು ಬಗೆಯ ಜನ ಸಿಗುತ್ತಾರೆ. ಒಬ್ಬರು ‘ದೇಶ ಮುಳುಗಿತು’ ಎನ್ನುತ್ತಾರೆ. ಇನ್ನೊಬ್ಬರು ‘ಬಿದ್ದರೇನಾಯ್ತು, ರಫ್ತಿಗೆ ಒಳ್ಳೇದೇ ಅಲ್ವಾ’ ಎನ್ನುತ್ತಾರೆ. ಇಬ್ಬರೂ ಓದಿರುವುದು ತಲೆಬರಹ ಮಾತ್ರ. ಎಷ್ಟೋ ವರ್ಷ ನಾನೂ ಹಾಗೇ ಓದುತ್ತಿದ್ದೆ. ಸರಿಯಾಗಿ ಓದಲು ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್, ಹದಿನೈದು ನಿಮಿಷ.

ಹಂತ 1: ಅಂಕಿ ಯಾವ ಕಡೆಯದು ನೋಡಿ

ಹೆಚ್ಚಿನ ದೇಶಗಳ ದರವನ್ನು ‘ಒಂದು ಡಾಲರ್‌ಗೆ ಇಷ್ಟು’ ಎಂದು ಹೇಳುತ್ತಾರೆ. ಅಲ್ಲಿ ಅಂಕಿ ಏರಿದರೆ ಆ ದೇಶದ ಹಣ ಇಳಿದಿದೆ ಎಂದರ್ಥ. ಪೌಂಡ್, ಯೂರೋಗಳದ್ದು ಉಲ್ಟಾ: ಒಂದು ಪೌಂಡ್‌ಗೆ ಎಷ್ಟು ಡಾಲರ್ ಎಂಬ ಲೆಕ್ಕ.

ಶೇಕಡಾ ಲೆಕ್ಕದಲ್ಲಿ ಪತ್ರಿಕೆಗಳೂ ಎಡವುತ್ತವೆ. ಡಾಲರ್‌ನ ಬೆಲೆ 25ರಿಂದ 50ಕ್ಕೆ ಹೋದರೆ ಡಾಲರ್ ಏರಿದ್ದು ಶೇ 100, ಆದರೆ ಆ ಕರೆನ್ಸಿ ಬಿದ್ದದ್ದು ಶೇ 50. ‘ಶೇ 100 ಕುಸಿತ’ ಎಂದು ಬರೆದದ್ದನ್ನು ನೋಡಿದ್ದೇನೆ. ನಿಜಕ್ಕೂ ಶೇ 100 ಕುಸಿದರೆ ಆ ನೋಟು ಪೊಟ್ಟಣ ಕಟ್ಟುವುದಕ್ಕಷ್ಟೇ.

ಮೊಬೈಲಿನಲ್ಲಿ ಕಾಣುವ ಕರೆನ್ಸಿ ದರದ ಗ್ರಾಫ್‌ಗಳನ್ನು ನಂಬಬೇಡಿ. ಅವು ಸೊನ್ನೆಯಿಂದ ಶುರುವಾಗುವುದಿಲ್ಲ. ಒಮ್ಮೆ ಬೆಟ್ಟದಿಂದ ಕಣಿವೆಗೆ ಇಳಿದಂಥ ಗೆರೆ ನೋಡಿ ಗಾಬರಿಯಾಗಿದ್ದೆ. ಲೆಕ್ಕ ಹಾಕಿದರೆ ಇಡೀ ಇಳಿತ ಶೇ ಅರ್ಧ! ನಾನಂತೂ ಈಗ ತಿಂಗಳ ಸರಾಸರಿ ಬಿಟ್ಟು ಬೇರೇನೂ ನೋಡುವುದಿಲ್ಲ. ನೀವೂ ನೋಡಬೇಡಿ.

ಹಂತ 2: ಬಿದ್ದದ್ದು ಯಾರ ಎದುರು?

ಒಂದು ಡಾಲರ್‌ಗೆ 150 ಯೆನ್ ಇದ್ದ ಮಾತ್ರಕ್ಕೆ ಜಪಾನ್ ಬಡ ದೇಶ ಆಗುವುದಿಲ್ಲ. ಅಂಕಿ ದೊಡ್ಡದೋ ಸಣ್ಣದೋ ಮುಖ್ಯವಲ್ಲ, ಅದು ಎಷ್ಟು ಬದಲಾಯಿತು ಎಂಬುದು ಮುಖ್ಯ. ಅದೂ ಡಾಲರ್ ಒಂದರ ಎದುರು ನೋಡಿದರೆ ಸಾಲದು. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತಾ ಹೋಯಿತು. ಹೆಚ್ಚು ಬಡ್ಡಿ ಸಿಗುವ ಕಡೆಗೆ ಹಣ ಹರಿಯಿತು. ಯೂರೋ ಸುಮಾರು 20 ವರ್ಷಗಳಲ್ಲಿ ಮೊದಲ ಸಲ ಒಂದು ಡಾಲರ್‌ಗಿಂತ ಕೆಳಗಿಳಿಯಿತು, ಯೆನ್ ಇಳಿಯಿತು, ಪೌಂಡ್ ಇಳಿಯಿತು. ಎಲ್ಲರೂ ಒಟ್ಟಿಗೆ ಇಳಿದಾಗ ಒಂದು ದೇಶವನ್ನು ಮಾತ್ರ ಬೈದು ಏನು ಪ್ರಯೋಜನ?

ಹಂತ 3: ವ್ಯಾಪಾರದ ಲೆಕ್ಕ ಬರೆಯಿರಿ

ಹಾಳೆಯ ಎಡಗಡೆ ಆಮದು, ಬಲಗಡೆ ರಫ್ತು. ಕರೆನ್ಸಿ ಬಿದ್ದರೆ ಆಮದು ತುಟ್ಟಿ, ರಫ್ತು ಅಗ್ಗ. ಇಷ್ಟು ಎಲ್ಲರಿಗೂ ಗೊತ್ತು. ಯಾವಾಗ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆಮದಿನ ಬಿಲ್ ಕೂಡಲೇ ಏರುತ್ತದೆ. ಆರ್ಡರ್ ಮೊದಲೇ ಕೊಟ್ಟಾಗಿರುತ್ತದೆ, ಹಣ ಕಟ್ಟಲೇಬೇಕು. ರಫ್ತಿನ ಹೊಸ ಗಿರಾಕಿ ಬರಲು ತಿಂಗಳುಗಳು ಬೇಕು. ಹಾಗಾಗಿ ವ್ಯಾಪಾರದ ಕೊರತೆ (ರಫ್ತಿಗಿಂತ ಆಮದು ಹೆಚ್ಚಿರುವುದು) ಮೊದಲು ಹೆಚ್ಚಾಗಿ, ಆಮೇಲೆ ಕಡಿಮೆಯಾಗುವುದು ಮಾಮೂಲು. ಬ್ರಿಟನ್ 1967ರ ನವೆಂಬರ್‌ನಲ್ಲಿ ಪೌಂಡನ್ನು 2.80 ಡಾಲರ್‌ನಿಂದ 2.40ಕ್ಕೆ ಇಳಿಸಿತು. ‘ನಿಮ್ಮ ಜೇಬಿನ ಪೌಂಡ್‌ನ ಬೆಲೆ ಇಳಿದಿಲ್ಲ’ ಎಂಬ ಅರ್ಥದಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಟಿವಿಯಲ್ಲಿ ಸಮಾಧಾನ ಹೇಳಿದರು. ಆಮದಿನ ಬೆಲೆ ಏರಿದ ಮೇಲೆ ಜನ ಆ ಮಾತನ್ನು ವರ್ಷಗಟ್ಟಲೆ ಆಡಿಕೊಂಡರು. ಹೊರದೇಶಗಳ ಜೊತೆಗಿನ ಬ್ರಿಟನ್‌ನ ಲೆಕ್ಕ ಮಿಗುತೆಗೆ ಬಂದದ್ದು 1969ರಲ್ಲಿ.

ಇನ್ನೊಂದು ತೊಡಕಿದೆ. ರಫ್ತು ಮಾಡುವವರು ಬೆಲೆಯನ್ನು ಬಹಳ ಸಲ ತಮ್ಮ ಕರೆನ್ಸಿಯಲ್ಲಿ ಹಾಕುವುದೇ ಇಲ್ಲ, ಡಾಲರ್‌ನಲ್ಲಿ ಹಾಕುತ್ತಾರೆ. ಆಗ ಕೊಳ್ಳುವವರಿಗೆ ಬೆಲೆ ಇದ್ದಷ್ಟೇ ಇರುತ್ತದೆ. ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತು ಸಂಗಡಿಗರು ಇದನ್ನೇ ವಿವರವಾಗಿ ತೋರಿಸಿದ್ದಾರೆ. ‘ಬಿದ್ದರೆ ರಫ್ತಿಗೆ ಒಳ್ಳೇದು’ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ನಿಧಾನಕ್ಕೆ ನಿಜವಾಗುವ ಮಾತು.

ಹಂತ 4: ಸಾಲ ಯಾರದು, ಯಾವ ಹಣದಲ್ಲಿ?

ಎಲ್ಲರೂ ಹಾರಿಸಿಬಿಡುವ ಹಂತ ಇದು. ದೇಶಗಳು ಮುಗ್ಗರಿಸುವುದೂ ಹೆಚ್ಚಾಗಿ ಇಲ್ಲೇ. ಉಳಿದದ್ದಕ್ಕೆ ಸಮಯವಿಲ್ಲದಿದ್ದರೂ ಇದನ್ನು ಬಿಡಬೇಡಿ.

ಥಾಯ್ಲೆಂಡ್‌ನ ಲೆಕ್ಕ ಮಾಡಿ ನೋಡೋಣ. 1990ರ ದಶಕದಲ್ಲಿ ಅಲ್ಲಿ ಒಂದು ಡಾಲರ್‌ಗೆ ಸುಮಾರು 25 ಬಾಟ್. ವರ್ಷಗಳಿಂದ ಅದು ಅಲ್ಲಾಡಿರಲಿಲ್ಲ. ಡಾಲರ್ ಸಾಲದ ಬಡ್ಡಿ ಬಾಟ್ ಸಾಲಕ್ಕಿಂತ ಕಡಿಮೆ. ಒಂದು ಕಂಪನಿ ಹತ್ತು ಲಕ್ಷ ಡಾಲರ್ ಸಾಲ ತಂದಿತು ಎನ್ನಿ. ಬದಲಾಯಿಸಿದಾಗ ಎರಡೂವರೆ ಕೋಟಿ ಬಾಟ್ ಕೈಗೆ ಬಂತು. ಅದರಲ್ಲಿ ಕಟ್ಟಡ ಕಟ್ಟಿ ಬಾಡಿಗೆಗೆ ಕೊಟ್ಟರು. ಬಾಡಿಗೆ ಬರುವುದು ಬಾಟ್‌ನಲ್ಲಿ, ಸಾಲ ತೀರಿಸಬೇಕಾದ್ದು ಡಾಲರ್‌ನಲ್ಲಿ. ಈ ವಾಕ್ಯವನ್ನು ಹಾಳೆಯಲ್ಲಿ ಬರೆದು ಕೆಳಗೆ ಗೆರೆ ಎಳೆಯಿರಿ.

1997ರ ಜುಲೈ 2ರಂದು ಸರ್ಕಾರ ಬಾಟನ್ನು ಅದರ ಪಾಡಿಗೆ ಬಿಟ್ಟಿತು. ಮುಂದಿನ ಜನವರಿ ಹೊತ್ತಿಗೆ ಡಾಲರ್ 50 ಬಾಟ್ ದಾಟಿತ್ತು. ಕಂಪನಿ ಹೊಸದಾಗಿ ಬಿಡಿಗಾಸು ಸಾಲ ಮಾಡಿಲ್ಲ. ಆದರೂ ಎರಡೂವರೆ ಕೋಟಿಯ ಸಾಲ ಐದು ಕೋಟಿ ಮೀರಿತು. ಬಾಡಿಗೆ ಅಷ್ಟೇ ಇದೆ, ಇಲ್ಲವೇ ಇನ್ನೂ ಇಳಿದಿದೆ. ಕಂಪನಿ ಮುಳುಗಿದರೆ ಸಾಲ ಕೊಟ್ಟ ಬ್ಯಾಂಕಿಗೂ ಏಟು. ಬ್ಯಾಂಕ್ ಹೊಸ ಸಾಲ ನಿಲ್ಲಿಸುತ್ತದೆ. ಆಗ ಅಗ್ಗದ ಬಾಟ್‌ನಿಂದ ಲಾಭ ಮಾಡಬೇಕಿದ್ದ ರಫ್ತುದಾರನಿಗೇ ಕಚ್ಚಾಮಾಲು ಕೊಳ್ಳಲು ದುಡ್ಡು ಸಿಗುವುದಿಲ್ಲ.

ಈಗ ಜಪಾನ್ ನೋಡಿ. 2024ರಲ್ಲಿ ಡಾಲರ್ 160 ಯೆನ್ ದಾಟಿತು. ಆಮದಿನ ಇಂಧನ, ಆಹಾರ ತುಟ್ಟಿಯಾಗಿ ಜನ ಗೊಣಗಿದರು. ಆದರೆ ಸಾಲದ ಬಿಕ್ಕಟ್ಟು ಬರಲಿಲ್ಲ. ಜಪಾನ್ ಸರ್ಕಾರದ ಸಾಲ ಬೆಟ್ಟದಷ್ಟಿದ್ದರೂ ಅದು ಯೆನ್‌ನಲ್ಲೇ ಇದೆ. ಥಾಯ್ಲೆಂಡ್‌ನಂತೆ ತನ್ನ ಹಣದಲ್ಲಿ ಹೊರಗೆ ಸಾಲ ಎತ್ತಲಾಗದ ದೇಶಗಳ ಕಷ್ಟಕ್ಕೆ ಐಕೆನ್‌ಗ್ರೀನ್ ಮತ್ತು ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ‘ಮೂಲ ಪಾಪ’ ಎಂದು ಹೆಸರಿಟ್ಟರು. ಹೆಸರು ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ, ಆದರೆ ಮರೆಯುವುದಿಲ್ಲ.

ಹಾಳೆಯಲ್ಲಿ ಬರೆದುಕೊಳ್ಳಬೇಕಾದ್ದು ಮೂರೇ. ಸಾಲ ಸರ್ಕಾರದ್ದೋ ಕಂಪನಿಗಳದ್ದೋ? ತೀರಿಸುವ ಗಡುವು ಇದೇ ವರ್ಷವೋ, ಹತ್ತು ವರ್ಷದ ನಂತರವೋ? ಸಾಲಗಾರನ ಆದಾಯ ಯಾವ ಕರೆನ್ಸಿಯದು? ಡಾಲರ್‌ನಲ್ಲೇ ಗಳಿಸುವ ರಫ್ತುದಾರ ಡಾಲರ್ ಸಾಲ ಮಾಡಿದ್ದರೆ ಅವನ ಚಿಂತೆ ಬಿಡಿ. ‘ಒಟ್ಟು ವಿದೇಶಿ ಸಾಲ ಇಷ್ಟು’ ಎಂಬ ಒಂದೇ ಅಂಕಿ ಕೊಟ್ಟು ಮುಗಿಸುವ ವರದಿಯಿಂದ ಇದ್ಯಾವುದೂ ತಿಳಿಯದು. ಸುಮ್ನೆ ಪುಟ ತಿರುಗಿಸಿ.

ಸರ್ಕಾರ ಆದೇಶ ಹೊರಡಿಸಿದರೆ ಸಾಲದ ಹೊರೆ ಕರಗುತ್ತದೆಯೇ? ಅರ್ಜೆಂಟೀನಾ ಹಾಗೆ ಮಾಡಿ ನೋಡಿತು. 1992ರಿಂದ ಅಲ್ಲಿ ಒಂದು ಪೆಸೊ ಎಂದರೆ ಒಂದು ಡಾಲರ್. 2002ರ ಆರಂಭದಲ್ಲಿ ಆ ಕಟ್ಟು ಮುರಿಯಿತು. ಬ್ಯಾಂಕುಗಳು ಕೊಟ್ಟಿದ್ದ ಡಾಲರ್ ಸಾಲವನ್ನು ಸರ್ಕಾರ ಡಾಲರ್‌ಗೆ ಒಂದು ಪೆಸೊ ದರದಲ್ಲಿ ಬದಲಾಯಿಸಿತು. ಜನ ಇಟ್ಟಿದ್ದ ಡಾಲರ್ ಠೇವಣಿಯನ್ನು 1.40 ಪೆಸೊ ದರದಲ್ಲಿ. ನಡುವಿನ 0.40 ಪೆಸೊ ಬ್ಯಾಂಕುಗಳ ತಲೆಗೆ ಬಂತು, ಅದನ್ನು ತುಂಬಿಕೊಡಲು ಸರ್ಕಾರ ಸಾಲಪತ್ರ ಕೊಡಬೇಕಾಯಿತು. ಹೊರಗೆ ಡಾಲರ್ 3 ಪೆಸೊ ದಾಟಿದ್ದರಿಂದ 1.40 ಪಡೆದ ಠೇವಣಿದಾರನಿಗೂ ನಷ್ಟ.

ಹಂತ 5: ಕೇಂದ್ರ ಬ್ಯಾಂಕಿನ ಕೈಯಲ್ಲಿ ಏನಿದೆ?

ಕುಸಿತ ತಡೆಯಲು ಅದು ಬಡ್ಡಿ ಏರಿಸಬಹುದು, ಇಲ್ಲವೇ ತಾನು ಕೂಡಿಟ್ಟ ಮೀಸಲಿನ ಡಾಲರ್ ಮಾರಬಹುದು. ಬಡ್ಡಿ ಏರಿಸಿದರೆ ಊರೊಳಗಿನ ಸಾಲಗಾರ ನರಳುತ್ತಾನೆ. ಮೀಸಲಿನ ಅಂಕಿಯನ್ನಂತೂ ಅನುಮಾನದಿಂದಲೇ ಓದಿ. 1997ರಲ್ಲಿ ಥಾಯ್ಲೆಂಡ್‌ನ ಮೀಸಲು ಹೊರಗಿನವರಿಗೆ ದಂಡಿಯಾಗಿ ಕಂಡಿತ್ತು. ಅದರ ಬಹುಪಾಲು ಮುಂದಿನ ದಿನಾಂಕಕ್ಕೆ ಡಾಲರ್ ಕೊಡುವ ಒಪ್ಪಂದಗಳಲ್ಲಿ ಮೊದಲೇ ಮಾರಿಹೋಗಿತ್ತು.

ಹಂತ 6: ಕರೆನ್ಸಿ ಏರಿದ ಸುದ್ದಿಗೂ ಇದೇ ಹಾಳೆ

2011ರ ಸೆಪ್ಟೆಂಬರ್‌ನಿಂದ ಸ್ವಿಟ್ಜರ್‌ಲೆಂಡ್‌ನ ಕೇಂದ್ರ ಬ್ಯಾಂಕ್ ಒಂದು ಯೂರೋದ ಬೆಲೆ 1.20 ಫ್ರಾಂಕ್‌ಗಿಂತ ಇಳಿಯದಂತೆ ತಡೆದಿತ್ತು. 2015ರ ಜನವರಿ 15, ಗುರುವಾರ, ಮುನ್ಸೂಚನೆ ಇಲ್ಲದೆ ಅದನ್ನು ಕೈಬಿಟ್ಟಿತು. ಫ್ರಾಂಕ್ ನಿಮಿಷಗಳಲ್ಲೇ ಮೇಲಕ್ಕೆ ಜಿಗಿಯಿತು. ಸ್ವಿಸ್ ರಫ್ತುದಾರರು ತಲೆ ಮೇಲೆ ಕೈ ಹೊತ್ತರು, ಅದು ನಿರೀಕ್ಷಿತವೇ. ಆದರೆ ಕಡಿಮೆ ಬಡ್ಡಿಯ ಆಸೆಗೆ ಫ್ರಾಂಕ್‌ನಲ್ಲಿ ಮನೆ ಸಾಲ ಮಾಡಿದ್ದ ಲಕ್ಷಾಂತರ ಜನ ಪೋಲೆಂಡ್‌ನಲ್ಲಿದ್ದರು. ಅವರ ಸಂಬಳ ಬರುತ್ತಿದ್ದುದು ತಮ್ಮ ದೇಶದ ಹಣ ಝ್ಲೋಟಿಯಲ್ಲಿ. ಹಂಗೇರಿಯಲ್ಲೂ ಇಂಥ ಸಾಲಗಾರರಿದ್ದರು. ಅಲ್ಲಿನ ಸರ್ಕಾರ ಕೆಲವೇ ವಾರಗಳ ಹಿಂದೆ, 2014ರ ಕೊನೆಯಲ್ಲಿ, ಆ ಮನೆ ಸಾಲಗಳನ್ನು ತನ್ನ ಹಣ ಫೋರಿಂಟ್‌ಗೆ ಬದಲಾಯಿಸುವ ದರವನ್ನು ಕಾನೂನಿನಲ್ಲಿ ಗಟ್ಟಿ ಮಾಡಿತ್ತು. ಫ್ರಾಂಕ್ ಜಿಗಿದದ್ದು ಎರಡೂ ದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮನೆಯ ಕಂತು ಏರಿದ್ದು ಪೋಲೆಂಡ್‌ನವರದು ಮಾತ್ರ.